ಗೀಜಗವೂ ಗದ್ದೆಯ ಹೆಗ್ಗಣವೂ

ಭತ್ತದ ತೆನೆ ಹಾಲುಗಟ್ಟುತ್ತಿದ್ದಂತೆ ಗದ್ದೆಗೆ ಗೀಜಗವೂ ಬರುತ್ತದೆ, ಹೆಗ್ಗಣವೂ ಬರುತ್ತದೆ. ಕಾಳು ತಿನ್ನುವುದೆಂಬ ಒಂದೇ ಕಾರಣಕ್ಕೆ ಎರಡನ್ನೂ ಸಮನಾದ ಶತ್ರುಗಳೆಂದು ಭಾವಿಸುವ ರೈತರು ಬಹಳ. ಹಾಗೆ ಭಾವಿಸುವ ಮೊದಲು ಇವೆರಡರ ಪರಿಚಯ ಮಾಡಿಕೊಳ್ಳುವುದು ಲೇಸು.

ಎರಡೂ ಬೆನ್ನೆಲುಬುಳ್ಳ ಪ್ರಾಣಿಗಳೇ. ಗೀಜಗವು ಪಕ್ಷಿ ವರ್ಗದ ಪ್ಯಾಸರಿಫಾರ್ಮಿಸ್ ಗಣಕ್ಕೆ ಸೇರಿದ ಹಾಡುಹಕ್ಕಿ. ಇದರ ಶಾಸ್ತ್ರೀಯ ನಾಮ ಪ್ಲೋಸಿಯಸ್ ಫಿಲಿಪ್ಪಿನಸ್. ಹಾಡುಹಕ್ಕಿ ಎಂದೊಡನೆ ಇಂಪಾದ ಕಂಠವೆಂದು ತಿಳಿಯಬಾರದು. ಧ್ವನಿಪೆಟ್ಟಿಗೆಯ ರಚನೆಯನ್ನು ನೋಡಿ ಈ ಗುಂಪನ್ನು ಮಾಡಲಾಗಿದೆ. ಆದ್ದರಿಂದ ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ! ಹೆಗ್ಗಣ, ಅಂದರೆ ಬ್ಯಾಂಡಿಕೋಟ ಬೆಂಗಾಲೆನ್ಸಿಸ್, ಸಸ್ತನಿ ವರ್ಗದ ದಂಶಕ ಗಣದ್ದು. ಮುಂದಿನ ಬಾಚಿಹಲ್ಲು ಆಯುಷ್ಯವಿಡೀ ಬೆಳೆಯುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಅಳಿಲೂ ದಂಶಕವೇ. ಮನೆಯಲ್ಲಿ ಓಡಾಡುವ ಸುಂಡಿಲಿ ಮಾತ್ರ ದಂಶಕವಲ್ಲ, ಅದು ಕೀಟ ತಿನ್ನುವ ಪ್ರಾಣಿ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಎರಡೂ ಸದ್ಯಕ್ಕೆ ಅಳಿವಿನ ಆತಂಕವಿಲ್ಲದ ದರ್ಜೆಯಲ್ಲಿವೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಾದರೋ ಇಲಿಗಳನ್ನು ಉಪದ್ರವಿಗಳ ಅನುಸೂಚಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ಕೈಬಿಡಲಾಯಿತು.

ದರ್ಜೆ ಒಂದೇ ಆದರೂ ಬಾಳು ಒಂದೇ ಅಲ್ಲ. ಹೆಗ್ಗಣವು ವರ್ಷಕ್ಕೆ ಹಲವು ಸಲ ಮರಿಹಾಕಿ, ತೆನೆಗಳನ್ನು ಕತ್ತರಿಸಿ ಬಿಲದಲ್ಲಿ ಕೂಡಿಡುತ್ತದೆ. ಗೀಜಗವು ಮಳೆಗಾಲದಲ್ಲಿ ಎರಡರಿಂದ ನಾಲ್ಕು ಮೊಟ್ಟೆಯಿಟ್ಟು, ಮರಿಗಳಿಗೆ ಹುಳು, ಮಿಡತೆಗಳನ್ನು ಉಣಿಸುತ್ತದೆ. ಗಂಡು ಅರ್ಧ ಹೆಣೆದ ಗೂಡನ್ನು ಹೆಣ್ಣು ಒಪ್ಪಿದ ಮೇಲೆಯೇ ಅದು ಪೂರ್ತಿಯಾಗುವುದೆಂದು ಸಲೀಂ ಅಲಿಯವರು 1931ರಲ್ಲೇ ಬರೆದಿದ್ದಾರೆ. ಬಾವಿಯಂಚಿನ ಈಚಲು ಮರವನ್ನು ಆ ವೇಳೆಗೆ ಕಡಿದರೆ ಇಡೀ ಗುಂಪಿನ ಆ ವರ್ಷದ ಸಂಸಾರ ಹೋದಂತೆ.

ಆದ್ದರಿಂದ ಪಾಷಾಣವನ್ನು ಬದುವಿನ ಮೇಲೆ ಚೆಲ್ಲಬೇಡಿ; ಗೀಜಗ, ಪಾರಿವಾಳಗಳು ಅದನ್ನು ಹೆಕ್ಕಿ ಸಾಯುತ್ತವೆ. ಮೊದಲ ದಿನ ಬಿಲಗಳನ್ನೆಲ್ಲ ಮುಚ್ಚಿ, ಮರುದಿನ ತೆರೆದುಕೊಂಡವುಗಳನ್ನು ಗುರುತಿಸಿ, ಎರಡು ಮೂರು ದಿನ ವಿಷವಿಲ್ಲದ ನುಚ್ಚು ಇಟ್ಟು ರೂಢಿ ಮಾಡಿಸಿ. ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿ, ಬರಿಗೈಯಲ್ಲಿ ಮುಟ್ಟದೆ ಬಿಲದೊಳಗೇ ಹಾಕಿ ಬಾಯಿ ಮುಚ್ಚಿ. ಸತ್ತ ಹೆಗ್ಗಣಗಳನ್ನು ಆಳವಾಗಿ ಹೂಳಿರಿ. ಹೊರಗೆ ಬಿದ್ದಿದ್ದರೆ ನಾಯಿ, ಗೂಬೆಗಳು ತಿಂದು ಸಾಯಬಹುದು. ಗೂಬೆಯಂತೂ ಕೂಲಿ ಕೇಳದೆ ನಿಮ್ಮ ಗದ್ದೆಯ ಇಲಿ ಹಿಡಿಯುವ ಪಕ್ಷಿ.