ಡಾಲ್ಫಿನ್ ಕಂಡರೆ ದೋಣಿ ನಿಧಾನ!

ಮಕ್ಕಳೇ, ಅಘನಾಶಿನಿ ನದಿ ನಿಮಗೆ ಗೊತ್ತಲ್ಲವೇ? ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ಬಳಿ ಸಮುದ್ರ ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಧುಮುಕುವ ಬೇಡ್ತಿ, ಮುಂದೆ ಗಂಗಾವಳಿ ಎನಿಸಿಕೊಂಡು ಕಡಲು ಸೇರುತ್ತದೆ.

ನದಿ ತರುವ ಪೋಷಕಾಂಶಗಳಿಂದಾಗಿ ಅಳಿವೆಗಳಲ್ಲಿ ಮೀನು ಹೆಚ್ಚು. ಮೀನು ಹುಡುಕುತ್ತಾ ಗೂನುಬೆನ್ನಿನ ಡಾಲ್ಫಿನ್‌ಗಳು ದಡದ ಸಮೀಪಕ್ಕೆ ಬರುತ್ತವೆ. ಕಾರವಾರದಲ್ಲಿ ಪ್ರವಾಸಿಗರು ದೋಣಿಯಲ್ಲಿ ಹೋಗಿ ನೋಡುವುದು ಇವುಗಳನ್ನೇ.

ಡಾಲ್ಫಿನ್ ಮೀನಲ್ಲ, ಸಸ್ತನಿ. ಮರಿಗೆ ಹಾಲುಣಿಸುತ್ತದೆ. ಇದಕ್ಕೆ ಕಿವಿರಿಲ್ಲ, ಶ್ವಾಸಕೋಶವಿದೆ. ನೆತ್ತಿಯ ಮೇಲಿನ ರಂಧ್ರದಿಂದ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಆಗಲೇ ಅದು ನಮಗೆ ಕಾಣುವುದು!

ಕದಡಿದ ನೀರಿನಲ್ಲಿ ಬೇಟೆ ಹೇಗೆ? ಬಾವಲಿಯಂತೆ ಶಬ್ದ ಹೊರಡಿಸಿ, ಪ್ರತಿಧ್ವನಿ ಆಲಿಸಿ ಮೀನನ್ನು ಪತ್ತೆಹಚ್ಚುತ್ತದೆ. ದೋಣಿಯ ಎಂಜಿನ್ ಹತ್ತಿರದಲ್ಲೇ ಅಬ್ಬರಿಸಿದರೆ ಪ್ರತಿಧ್ವನಿಯೂ ಕೇಳದು, ಸಂಗಾತಿಗಳ ಕರೆಯೂ ಕೇಳದು. ಬೆನ್ನಟ್ಟಿದರೆ ತಾಯಿ-ಮರಿ ಬೇರೆಯಾಗಬಹುದು. ಆದ್ದರಿಂದ ದೋಣಿ ದೂರದಲ್ಲೇ ನಿಧಾನವಾಗಬೇಕು. ಈ ಡಾಲ್ಫಿನ್ ಈಗ ಅಳಿವಿನಂಚಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ರಕ್ಷಣೆ ನೀಡಿದೆ.

ಮಾಡಿ ನೋಡಿ: ನಿಮ್ಮ ಊರಿನ ಹಳ್ಳ ಯಾವ ನದಿಯನ್ನು ಸೇರುತ್ತದೆ? ಜಿಲ್ಲಾ ನಕ್ಷೆಯಲ್ಲಿ ಕಡಲಿನವರೆಗೂ ಗುರುತಿಸಿ. ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ ಎಲ್ಲಿಗೆ ಹೋದೀತು? ಚರ್ಚಿಸಿ.