ಊರಿನ ಊಟವೇ ಏಕೆ ರುಚಿ?

ಹರಿದ್ವಾರ, ಬದರಿನಾಥಗಳ ಯಾತ್ರೆಗೆ ಹೊರಟ ಕನ್ನಡ ಕುಟುಂಬಗಳ ತಂಡವೊಂದನ್ನು ಕಲ್ಪಿಸಿಕೊಳ್ಳಬಹುದು. ಮೊದಲ ಎರಡು ದಿನ ಪೂರಿ, ಪರಾಠ, ಕಚೌರಿಗಳನ್ನು ಎಲ್ಲರೂ ಉತ್ಸಾಹದಿಂದ ಸವಿಯುತ್ತಾರೆ. ನಾಲ್ಕನೆಯ ದಿನ ಯಾರೋ ಒಬ್ಬರು ಕೈಚೀಲದಿಂದ ಚಟ್ನಿಪುಡಿಯ ಡಬ್ಬಿಯನ್ನು ಮೆಲ್ಲನೆ ಹೊರತೆಗೆಯುತ್ತಾರೆ. ಸುತ್ತಲಿನ ಕೈಗಳೆಲ್ಲ ಅದರತ್ತ ಚಾಚುತ್ತವೆ. ವಾರ ಕಳೆಯುವಷ್ಟರಲ್ಲಿ ತೀರ್ಥಕ್ಷೇತ್ರದ ಮಹಿಮೆಗಿಂತ ಮನೆಯ ತಿಳಿಸಾರಿನ ಮಹಿಮೆಯೇ ಹೆಚ್ಚಾಗಿ ಕೇಳಿಬರುತ್ತದೆ. ಮರಳಿ ಬಂದ ದಿನ ಬಿಸಿ ಅನ್ನ, ಸಾರು, ಒಂದು ಮಿಳ್ಳೆ ತುಪ್ಪ, ಒಂದು ಸುಟ್ಟ ಹಪ್ಪಳ ಎಲೆಗೆ ಬಿದ್ದಾಗ, “ಎಲ್ಲಿ ಸುತ್ತಿದರೂ ಊರಿನ ಊಟಕ್ಕೆ ಸಮವಿಲ್ಲ” ಎಂಬ ತೀರ್ಪು ತಾನಾಗಿಯೇ ಹೊರಬೀಳುತ್ತದೆ.

ಇದೇ ತೀರ್ಪನ್ನು ದಕ್ಷಿಣದ ಪ್ರವಾಸ ಮುಗಿಸಿ ಅಮೃತಸರಕ್ಕೆ ಹಿಂದಿರುಗಿದ ಪಂಜಾಬಿಯೂ, ಕೋಲ್ಕತ್ತಕ್ಕೆ ಹಿಂದಿರುಗಿದ ಬಂಗಾಳಿಯೂ ಅಷ್ಟೇ ದೃಢವಾಗಿ ನೀಡುತ್ತಾರೆ. ಪ್ರತಿಯೊಬ್ಬರ ಊರಿನ ಊಟವೂ ಉಳಿದೆಲ್ಲರ ಊಟಕ್ಕಿಂತ ಶ್ರೇಷ್ಠವಾಗಿರುವುದು ಸಾಧ್ಯವಿಲ್ಲ. ಆದರೂ ಅವರಲ್ಲಿ ಯಾರೊಬ್ಬರೂ ಸುಳ್ಳಾಡುತ್ತಿಲ್ಲ. ಇದು ಹೇಗೆ?

ಈ ಪ್ರಶ್ನೆಯನ್ನು ಬಾಯಿಚಪಲದ ಮಾತೆಂದು ತಳ್ಳಿಹಾಕುವಂತಿಲ್ಲ. ಊರಿನ ಮನೆಗೆ ಬೀಗ ಹಾಕಿ ಮುಂಬಯಿ, ಪುಣೆ, ದೆಹಲಿಗಳ ಮಕ್ಕಳ ಮನೆಗೆ ಬಂದು ನೆಲೆಸುವ ತಂದೆತಾಯಿಯರು ಅನೇಕರು. ಅವರಲ್ಲಿ ಕೆಲವರು ಬಂದ ಕೆಲವೇ ತಿಂಗಳುಗಳಲ್ಲಿ ಸೊರಗುತ್ತಾರೆ. “ಏಕೋ ಬಾಯಿಗೆ ರುಚಿಸುವುದಿಲ್ಲ” ಎಂದು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾರೆ. ಇನ್ನೊಂದೆಡೆ, ಊರಿನ ರುಚಿಯೆಂಬ ಒಂದೇ ಕಾರಣಕ್ಕೆ ಉಪ್ಪಿನಕಾಯಿ, ಸಂಡಿಗೆ, ಹಪ್ಪಳಗಳನ್ನು ಮಿತಿಯಿಲ್ಲದೆ ತಿಂದು ರಕ್ತದೊತ್ತಡವನ್ನು ಹೆಚ್ಚಿಸಿಕೊಳ್ಳುವವರೂ ಉಂಟು. ರುಚಿಯ ಮೂಲವನ್ನು ಅರಿತರೆ ಈ ಎರಡು ಬಗೆಯ ಹಾನಿಯನ್ನೂ ತಡೆಯಬಹುದು.

ರುಚಿ ಇರುವುದು ಎಲ್ಲಿ?

ಆಯುರ್ವೇದವು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯಗಳೆಂಬ ಆರು ರಸಗಳನ್ನು ಹೇಳುತ್ತದೆ. ಆಧುನಿಕ ಶರೀರಶಾಸ್ತ್ರವು ನಾಲಗೆಯ ರಸಾಂಕುರಗಳು ಸಿಹಿ, ಹುಳಿ, ಉಪ್ಪು, ಕಹಿಗಳನ್ನೂ, 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಗುರುತಿಸಿದ ಉಮಾಮಿ ಎಂಬ ಐದನೆಯ ರುಚಿಯನ್ನೂ ಗ್ರಹಿಸುತ್ತವೆಯೆಂದು ತಿಳಿಸುತ್ತದೆ. ಖಾರವು ರಸಾಂಕುರಗಳ ಗ್ರಹಿಕೆಯಲ್ಲ. ಅದು ಬಿಸಿ ಮತ್ತು ನೋವನ್ನು ಅರಿಯುವ ನರಗಳ ಅನುಭವ.

ಆದರೆ ಸಾರಿಗೂ ಹುಳಿಗೂ ಇರುವ ವ್ಯತ್ಯಾಸವನ್ನು, ಇಂಗಿನ ಒಗ್ಗರಣೆಗೂ ಬೆಳ್ಳುಳ್ಳಿಯ ಒಗ್ಗರಣೆಗೂ ಇರುವ ವ್ಯತ್ಯಾಸವನ್ನು ಈ ಐದು ರುಚಿಗಳಿಂದ ವಿವರಿಸಲಾಗದು. ಆ ಕೆಲಸ ಮೂಗಿನದು. ಆಹಾರವನ್ನು ಅಗಿಯುವಾಗ ಅದರ ಪರಿಮಳವು ಗಂಟಲಿನ ಹಿಂಬದಿಯ ದಾರಿಯಿಂದ ಮೂಗಿನ ಮೇಲ್ಭಾಗವನ್ನು ಸೇರುತ್ತದೆ. ಮೂಗನ್ನು ಬಿಗಿಯಾಗಿ ಹಿಡಿದು ಕಾಫಿ ಕುಡಿದರೆ ಅದು ಕೇವಲ ಕಹಿ ಬೆರೆತ ಬಿಸಿನೀರು; ಕೈ ಬಿಟ್ಟೊಡನೆ ಕಾಫಿಯಾಗುತ್ತದೆ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು ವಾಸನೆಯ ಗ್ರಾಹಕಗಳ ವಿಷಯದಲ್ಲಿ 1991ರಲ್ಲಿ ಪ್ರಕಟಿಸಿದ ಶೋಧಕ್ಕೆ 2004ರ ನೊಬೆಲ್ ಪುರಸ್ಕಾರ ದೊರೆಯಿತು. ಮನುಷ್ಯನಲ್ಲಿ ಇಂತಹ ಸುಮಾರು 400 ಬಗೆಯ ಗ್ರಾಹಕಗಳು ಕೆಲಸ ಮಾಡುತ್ತವೆ.

ಇಲ್ಲೊಂದು ವಿಶೇಷವುಂಟು. ನೋಟ, ಶಬ್ದ, ಸ್ಪರ್ಶಗಳ ಸಂದೇಶಗಳು ಮೆದುಳಿನ ನಡುವಣ ಥಲಾಮಸ್ ಎಂಬ ಠಾಣೆಯನ್ನು ಹಾದು ಮುಂದೆ ಹೋಗುತ್ತವೆ. ವಾಸನೆಯ ಸಂದೇಶವಾದರೋ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳನ್ನು ನೇರವಾಗಿ ಮುಟ್ಟುತ್ತದೆ. ವಾಸನೆಯಿಂದ ಕೆರಳುವ ನೆನಪುಗಳಲ್ಲಿ ಬಹುಪಾಲು ಹತ್ತು ವರ್ಷದೊಳಗಿನ ಬಾಲ್ಯಕ್ಕೆ ಸೇರಿದವೆಂದು ಸಂಶೋಧಕರು ಕಂಡಿದ್ದಾರೆ. ಕರಿಬೇವು ಎಣ್ಣೆಗೆ ಬಿದ್ದ ಕ್ಷಣದಲ್ಲಿ ಐವತ್ತು ವರ್ಷ ಹಿಂದಿನ ಅಡುಗೆಮನೆ ಕಣ್ಣೆದುರು ನಿಲ್ಲುವುದು ಈ ಕಾರಣದಿಂದಲೇ.

ಗರ್ಭದಲ್ಲಿಯೇ ಆರಂಭವಾಗುವ ಪಾಠ

ಸಿಹಿಯ ಮೇಲಿನ ಒಲವು, ಕಹಿಯ ಮೇಲಿನ ಜಿಗುಪ್ಸೆ ಇವೆರಡು ಹುಟ್ಟಿನಿಂದ ಬಂದವು. ಮಿಕ್ಕ ಇಷ್ಟಾನಿಷ್ಟಗಳಲ್ಲಿ ಹೆಚ್ಚಿನವು ಕಲಿತವು. ಈ ಕಲಿಕೆ ಎಷ್ಟು ಬೇಗ ಆರಂಭವಾಗುತ್ತದೆಂಬುದನ್ನು ಅಮೆರಿಕದ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವು ತೋರಿಸಿತು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅಥವಾ ಮೊಲೆಯೂಡಿಸುವ ಕಾಲದಲ್ಲಿ ತಾಯಿ ಗಜ್ಜರಿಯ ರಸ ಕುಡಿದಿದ್ದರೆ, ಮಗುವು ಮುಂದೆ ಗಜ್ಜರಿ ಬೆರೆಸಿದ ಆಹಾರಕ್ಕೆ ಮುಖ ಸಿಂಡರಿಸುವುದು ಕಡಿಮೆಯಾಗಿತ್ತು. ತಾಯಿ ಉಂಡದ್ದರ ಪರಿಮಳ ಗರ್ಭಜಲದ ಮೂಲಕವೂ ಎದೆಹಾಲಿನ ಮೂಲಕವೂ ಮಗುವನ್ನು ತಲುಪುತ್ತದೆ. ಜೀರಿಗೆ ಮೆಣಸಿನ ಸಾರು ಉಣ್ಣುವ ಬಾಣಂತಿಯ ಮಗು ಅನ್ನಪ್ರಾಶನಕ್ಕೆ ಮುನ್ನವೇ ಮನೆಯ ಊಟದ ಮೊದಲ ಪಾಠವನ್ನು ಓದಿರುತ್ತದೆಂದು ಹೇಳಬಹುದು.

ಅಮೆರಿಕದ ರಾಬರ್ಟ್ ಜಾಯೋನ್ಸ್ 1968ರಲ್ಲಿ ಮನಶ್ಶಾಸ್ತ್ರದ ಇನ್ನೊಂದು ನಿಯಮವನ್ನು ನಿರೂಪಿಸಿದರು: ಮತ್ತೆ ಮತ್ತೆ ಎದುರಾದ ವಸ್ತು, ಬೇರೆ ಕಾರಣವಿಲ್ಲದೆಯೇ, ಪ್ರಿಯವಾಗುತ್ತದೆ. ಊರಿನ ಊಟ ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಸಲ ಎದುರಾದುದು. ಪ್ರವಾಸದ ಊಟ ಒಂದೆರಡು ಸಲ ಎದುರಾದುದು. ಈ ಸ್ಪರ್ಧೆಯೇ ಸಮನಲ್ಲ. ಚರಕಸಂಹಿತೆಯು ಇದನ್ನು ಬೇರೊಂದು ಮಾತಿನಲ್ಲಿ ಗುರುತಿಸಿದೆ. ದೀರ್ಘಕಾಲದ ಅಭ್ಯಾಸದಿಂದ ಒಬ್ಬನ ದೇಹಕ್ಕೆ ಒಗ್ಗಿದ ಆಹಾರವಿಹಾರಗಳನ್ನು ಅದು ಓಕಸಾತ್ಮ್ಯವೆಂದು ಕರೆಯುತ್ತದೆ.

ಪ್ರವಾಸದಲ್ಲಿ ಆಗುವುದೇನು?

ಹೊಸ ಊಟವನ್ನು ಮನುಷ್ಯನು ಅತ್ಯಂತ ಪ್ರತಿಕೂಲ ಸ್ಥಿತಿಯಲ್ಲಿ ಎದುರಿಸುತ್ತಾನೆ. ನಿದ್ರೆಗೆಟ್ಟಿರುತ್ತದೆ, ಹೊತ್ತು ತಪ್ಪಿರುತ್ತದೆ, ನೀರು ಕಡಿಮೆ ಕುಡಿದಿರುತ್ತಾನೆ, ಮಲಬದ್ಧತೆಯಿರುತ್ತದೆ. ವಿಮಾನಯಾನದಲ್ಲಿ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಗಾಳಿ ಬಹಳ ಒಣಗಿದ್ದು ಮೂಗಿನ ಗ್ರಹಣಶಕ್ತಿ ಕುಗ್ಗುತ್ತದೆ, ಉಪ್ಪು ಸಿಹಿಗಳೂ ಮಂದವಾಗುತ್ತವೆ.

ಇದರೊಡನೆ ಹೊಟ್ಟೆ ಕೆಟ್ಟರೆ ತೀರ್ಪು ಶಾಶ್ವತವಾಗುತ್ತದೆ. 1955ರಲ್ಲಿ ಜಾನ್ ಗಾರ್ಸಿಯ ಮತ್ತು ಸಹಕಾರಿಗಳು ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ಸಿಹಿನೀರನ್ನು ಕೊಟ್ಟು, ಅಸ್ವಸ್ಥತೆ ತರುವ ವಿಕಿರಣಕ್ಕೆ ಒಡ್ಡಿದರು. ಮುಂದೆ ಆ ಇಲಿಗಳು ಸಿಹಿನೀರನ್ನು ತೊರೆದವು. ಒಂದೇ ಸಲದ ಕಾಯಿಲೆ ಒಂದು ರುಚಿಯ ಮೇಲೆ ದೀರ್ಘಕಾಲದ ಹೇವರಿಕೆ ಹುಟ್ಟಿಸಬಲ್ಲದು. ಕಾಯಿಲೆಗೆ ನಿಜವಾದ ಕಾರಣ ಆ ಊಟವಾಗಿರದೆ ಕಲುಷಿತ ನೀರಾಗಿದ್ದರೂ ದೂಷಣೆ ಊಟಕ್ಕೇ ತಗಲುತ್ತದೆ.

ನೀರು, ಹವೆ, ಮೆಣಸಿನಕಾಯಿ

ಎಲ್ಲವೂ ಮನಸ್ಸಿನ ಆಟವೆಂದು ಹೇಳಿದರೆ ಅಡುಗೆಯವರಿಗೆ ಅನ್ಯಾಯವಾದೀತು. ಪರಸ್ಥಳದಲ್ಲಿ ಊರಿನದೇ ಅಡುಗೆ ಮಾಡಿದರೂ ಅದು ಬೇರೆಯಾಗುವುದಕ್ಕೆ ಭೌತಿಕ ಕಾರಣಗಳಿವೆ. ಗಡುಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೇಳೆಯ ಪೆಕ್ಟಿನ್ನನ್ನು ಬಿಗಿಯುತ್ತವೆ. ಬೇಳೆ ನುಣ್ಣಗೆ ಬೇಯುವುದಿಲ್ಲ, ಸಾರು ಹೊಂದಿಕೊಳ್ಳುವುದಿಲ್ಲ. ಸುಮಾರು 3,100 ಮೀಟರ್ ಎತ್ತರದ ಬದರಿನಾಥದಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಅರೆಬೆಂದಂತಿರುತ್ತದೆ. ಇಡ್ಲಿ ದೋಸೆಗಳ ಹಿಟ್ಟನ್ನು ಹುದುಗಿಸುವ ಸೂಕ್ಷ್ಮಜೀವಿಗಳಿಗೆ 25ರಿಂದ 30 ಡಿಗ್ರಿಯ ಬೆಚ್ಚನೆ ಬೇಕು. ದೆಹಲಿಯ ಜನವರಿಯ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದು, ಖಾರ ಕಡಿಮೆ. ಹೈದರಾಬಾದಿನಲ್ಲಿ ಸುಲಭವಾಗಿ ಸಿಗುವ ಗುಂಟೂರಿನ ಮೆಣಸಿನಕಾಯಿಯನ್ನು ಅದೇ ಅಳತೆಯಲ್ಲಿ ಹಾಕಿದರೆ ಹುಳಿಯಪುಡಿ ಬೆಂಕಿಯಾಗುತ್ತದೆ.

ಇವೆಲ್ಲಕ್ಕೂ ಉಪಾಯವುಂಟು. ಬೇಳೆ ಬೇಯಿಸಲು ಶೋಧಿಸಿದ ಮೃದುನೀರು ಮತ್ತು ಒತ್ತಡದ ಕುಕ್ಕರ್, ಚಳಿಗಾಲದ ಹಿಟ್ಟಿಗೆ ಬೆಚ್ಚನೆಯ ಮೂಲೆ, ಊರಿನಿಂದ ತರಿಸಿದ ಮೆಣಸಿನಕಾಯಿ, ಇವುಗಳಿಂದ ಅರ್ಧ ಊರು ಅಡುಗೆಮನೆಗೆ ಬರುತ್ತದೆ. 1942ರಲ್ಲಿ ಎ. ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು. ಮನೆಯಿಂದ ದೂರವಿದ್ದವರಿಗೆ ಎಲೆಯ ಮೇಲೆ ಊರಿನ ಊಟ ಬಡಿಸಿದ ಇಂತಹ ಊಟದ ಮನೆಗಳು ಮಾಡಿದ ಆರೋಗ್ಯಸೇವೆ ಸಣ್ಣದಲ್ಲ.

ಹಿರಿಯರ ತಟ್ಟೆ

ಊರಿನ ಹಂಬಲವನ್ನು ಕಾಯಿಲೆಯೆಂದೇ ಬಗೆದ ಕಾಲವೊಂದಿತ್ತು. 1688ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ತನ್ನ ವೈದ್ಯಕೀಯ ಪ್ರಬಂಧದಲ್ಲಿ, ಪರದೇಶದಲ್ಲಿ ಕೊರಗುವವರ ಸ್ಥಿತಿಗೆ ನಾಸ್ಟಾಲ್ಜಿಯ ಎಂಬ ಹೆಸರನ್ನಿಟ್ಟನು. ಇಂದಿನ ವೈದ್ಯರು ಅದನ್ನು ರೋಗಗಳ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಆದರೆ ವೃದ್ಧರ ವಿಷಯದಲ್ಲಿ ಹಂಬಲವೂ ರೋಗವೂ ಒಂದೇ ವೇಷದಲ್ಲಿ ಬರಬಹುದೆಂಬುದನ್ನು ಮನೆಯವರು ಮರೆಯಬಾರದು.

ವಯಸ್ಸಾದಂತೆ ವಾಸನೆಯ ಶಕ್ತಿ ಕುಗ್ಗುತ್ತದೆ. ಕೆಲವು ಔಷಧಿಗಳು ಬಾಯಿಯ ರುಚಿ ಕೆಡಿಸುತ್ತವೆ. ಸಡಿಲವಾದ ಕೃತಕ ದಂತಗಳು ಅಗಿಯಲು ಬಿಡುವುದಿಲ್ಲ. ಒಂಟಿತನದಿಂದ ಹಸಿವು ಇಂಗುತ್ತದೆ. ಹೀಗಿರುವಾಗ ಪರಿಚಿತವಾದ ಪರಿಮಳವೇ ಊಟದ ಕೊನೆಯ ಆಸರೆ. ಅದನ್ನೂ ಕಿತ್ತುಕೊಂಡು ಬ್ರೆಡ್ಡು ಬಿಸ್ಕತ್ತುಗಳನ್ನು ಮುಂದಿಟ್ಟರೆ ತಿನ್ನುವ ಪ್ರಮಾಣ ಇಳಿಯುತ್ತದೆ, ಪೋಷಣೆಯೂ ಇಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ರಾಗಿ ಉಂಡು ಬೆಳೆದ ಅಜ್ಜಿಗೆ ರಾಗಿಯ ಅಂಬಲಿಯೋ ಮುದ್ದೆಯೋ ದೊರೆತರೆ ನಾಲಗೆಗೂ ಮೂಳೆಗೂ ಒಟ್ಟಿಗೆ ಹಿತವಾಗುತ್ತದೆ.

ಆದರೆ “ಊರಿನ ನೆನಪು, ಸರಿಹೋಗುತ್ತದೆ” ಎಂದು ಸುಮ್ಮನಿರುವುದು ಅಪಾಯಕರ. ಉದ್ದೇಶವಿಲ್ಲದೆ ಆರರಿಂದ ಹನ್ನೆರಡು ತಿಂಗಳೊಳಗೆ ದೇಹದ ತೂಕದ ನೂರಕ್ಕೆ ಐದರಷ್ಟು, ಎಂದರೆ 60 ಕಿಲೊ ಇದ್ದವರಲ್ಲಿ 3 ಕಿಲೊ, ಇಳಿದರೆ ವೈದ್ಯರ ಪರೀಕ್ಷೆ ಅವಶ್ಯಕ. ಕ್ಷಯ, ಮಧುಮೇಹ, ಥೈರಾಯ್ಡ್ ವಿಕಾರ, ಮನೋಖಿನ್ನತೆ, ಅರ್ಬುದ ಮುಂತಾದವು ಇಂತಹ ಅರುಚಿಯ ಹಿಂದೆ ಅಡಗಿರಬಹುದು. ತಿಂಗಳಿಗೊಮ್ಮೆ ಹಿರಿಯರ ತೂಕ ನೋಡಿ ಬರೆದಿಡುವುದು ಖರ್ಚಿಲ್ಲದ ರಕ್ಷಣೆ.

ರುಚಿಯೆಲ್ಲ ಪಥ್ಯವಲ್ಲ

ಊರಿನ ಊಟ ಪ್ರಿಯವೆಂದ ಮಾತ್ರಕ್ಕೆ ಅದು ಎಲ್ಲ ಕಾಲಕ್ಕೂ ಹಿತವಾಗಲಾರದು. ಉತ್ತು ಬಿತ್ತುವವನ ಮುದ್ದೆಯ ಗಾತ್ರವನ್ನು ಕಚೇರಿಯಲ್ಲಿ ಕುಳಿತು ದುಡಿಯುವವನು ಅನುಸರಿಸುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಅಂದಾಜಿನಂತೆ, 65 ಕಿಲೊ ತೂಕದ ಕಠಿಣ ದುಡಿಮೆಯ ಪುರುಷನಿಗೆ ದಿನಕ್ಕೆ ಸುಮಾರು 3,470 ಕಿಲೊಕ್ಯಾಲೊರಿ ಬೇಕು. ಕುಳಿತು ಕೆಲಸ ಮಾಡುವವನಿಗೆ ಸುಮಾರು 2,110 ಸಾಕು. ವ್ಯತ್ಯಾಸವೆಲ್ಲ ಸೊಂಟದ ಸುತ್ತ ಶೇಖರವಾಗುತ್ತದೆ.

ಉಪ್ಪಿನ ವಿಷಯವೂ ಹೀಗೆಯೇ. “ಉಪ್ಪಿಗಿಂತ ರುಚಿಯಿಲ್ಲ” ಎಂಬ ಗಾದೆ ಸತ್ಯವಾದರೂ, ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪನ್ನು ಸೂಚಿಸಿದೆ. ಊರಿನಿಂದ ಬಂದ ಉಪ್ಪಿನಕಾಯಿಯ ಭರಣಿಯೂ ಈ ಲೆಕ್ಕದೊಳಗೇ ಬರುತ್ತದೆ. ಇಲ್ಲಿಯೂ ಭರವಸೆಗೆ ಎಡೆಯಿದೆ. ರುಚಿ ಕಲಿತದ್ದಾದುದರಿಂದ ಅದನ್ನು ತಿದ್ದಲೂ ಬಹುದು. ಕೆಲವು ತಿಂಗಳು ಉಪ್ಪು ಕಡಿಮೆ ಮಾಡಿದವರು ಮೊದಲು ಸಪ್ಪೆಯೆಂದು ತಳ್ಳಿದ ಆಹಾರವನ್ನೇ ಮೆಚ್ಚತೊಡಗುತ್ತಾರೆಂದು 1982ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಒಗ್ಗಿದ ಅಹಿತವನ್ನು ಒಮ್ಮೆಗೇ ಬಿಡದೆ ಕಾಲು ಕಾಲು ಭಾಗದಂತೆ ಬಿಡುತ್ತ ಬರಬೇಕೆಂದು ಚರಕನೂ ವಿಧಿಸಿದ್ದಾನೆ. ಉಪ್ಪು ಇಳಿಸುವಾಗ ನಿಂಬೆ, ಜೀರಿಗೆ, ಕರಿಬೇವು, ಕೊತ್ತಂಬರಿಗಳನ್ನು ಧಾರಾಳವಾಗಿ ಬಳಸಿದರೆ ಪರಿಮಳ ಉಳಿಯುತ್ತದೆ, ಊರೂ ಉಳಿಯುತ್ತದೆ.

ಮುಂದಿನ ಪೀಳಿಗೆ

ಮುಂಬಯಿಯಲ್ಲೋ ಚೆನ್ನೈಯಲ್ಲೋ ಹುಟ್ಟಿದ ಮಗುವಿಗೆ ಹುರುಳಿಯ ಸಾರು, ಹಾಗಲಕಾಯಿಯ ಗೊಜ್ಜು ಹಿಡಿಸುವುದಿಲ್ಲವೆಂಬುದು ಅನೇಕ ತಾಯಂದಿರ ದೂರು. ಹೊಸ ತಿನಿಸೊಂದನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲವಾದರೂ ಅದರ ರುಚಿ ನೋಡಬೇಕಾಗುತ್ತದೆ. ಎರಡನೆಯ ಸಲಕ್ಕೇ ಸೋಲೊಪ್ಪುವುದು ದೊಡ್ಡವರೇ. ಗದರಿಸದೆ, ಆಮಿಷವೊಡ್ಡದೆ, ಒಂದು ತುತ್ತಿನಷ್ಟನ್ನು ಆಗಾಗ ಬಡಿಸುತ್ತ, ಹಿರಿಯರು ಜೊತೆಗೆ ಕುಳಿತು ಉಂಡರೆ ಪಾಠ ಸಾಗುತ್ತದೆ. ಅದೇ ಮಗು ನೆರೆಮನೆಯ ಜ್ವಾರಿಯ ಭಾಕರಿಯನ್ನೋ, ಪೆಸರಟ್ಟನ್ನೋ ಮೆಚ್ಚಿದರೆ ಅದನ್ನು ದ್ರೋಹವೆಂದು ಎಣಿಸಬೇಕಾಗಿಲ್ಲ. ಅದಕ್ಕೆ ಊರು ಎರಡಾಯಿತೆಂದು ತಿಳಿದರೆ ಸಾಕು. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೂ ಮಹಾರಾಷ್ಟ್ರದ ಭಾಕರಿಗೂ ನಂಟು ಹೊಸತೇನಲ್ಲ.

“ಊಟ ಬಲ್ಲವನಿಗೆ ರೋಗವಿಲ್ಲ” ಎಂದರು ಹಿರಿಯರು. ತನ್ನ ನಾಲಗೆ ಯಾವುದನ್ನು ಏಕೆ ಬೇಡುತ್ತಿದೆಯೆಂದು ತಿಳಿಯುವುದೂ ಊಟ ಬಲ್ಲತನದ ಒಂದು ಭಾಗ. ಅದನ್ನು ತಿಳಿದ ಮನೆಯಲ್ಲಿ ಯಾತ್ರೆಯ ಚೀಲಕ್ಕೆ ಚಟ್ನಿಪುಡಿಯ ಡಬ್ಬಿ ತಪ್ಪದು. ಪರಊರಿನ ಊಟಕ್ಕೆ ಮೊದಲ ದಿನವೇ ತೀರ್ಪು ಬೀಳದು. ಊರು ಬಿಟ್ಟು ಬಂದ ಹಿರಿಯರ ತಟ್ಟೆಯಲ್ಲಿ ಅರ್ಧ ಉಳಿದ ಅನ್ನವು ಯಾರ ಕಣ್ಣಿಗೂ ಬೀಳದೆ ಹೋಗದು.