ಸೂಚನೆ ತಲುಪಿದ ಮಾತ್ರಕ್ಕೆ ಬಳಕೆಯಾಗದು

ಹಲವರು ಕೂಡಿ ಬೆಳೆಸುವ ವಿಕಿಪೀಡಿಯ ಜಾಲತಾಣದಲ್ಲಿ ಪ್ರತಿ ಲೇಖನಕ್ಕೂ ಚರ್ಚಾಪುಟವಿದೆ. ಇಂಗ್ಲಿಷ್ ಆವೃತ್ತಿಗೆ 2013ರಲ್ಲಿ ಸೂಚನಾ ವ್ಯವಸ್ಥೆ ಬಂದಿತು. ಮುಂದೆ, ಒಂದೇ ಚರ್ಚೆಗೆ ಚಂದಾದಾರರಾಗಿ (ಹಣ ತೆರಬೇಕಿಲ್ಲ) ಹೊಸ ಉತ್ತರಗಳ ಸೂಚನೆ ಪಡೆಯುವ ಸೌಲಭ್ಯವೂ ಸೇರಿತು. ಇದರ ಬಳಕೆಯನ್ನು ಅಳೆಯುವುದೆಂತು?

ಚಂದಾಗಳನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸ್ವಯಂಚಂದಾ ಆಯ್ಕೆ ಚಾಲನೆಯಲ್ಲಿದ್ದರೆ, ಅಭಿಪ್ರಾಯ ಬರೆದವರು ಗುಂಡಿ ಒತ್ತದೆಯೇ ಚಂದಾದಾರರಾಗುತ್ತಾರೆ. ಬಾಕಿದಾರನ ಹೆಸರು ಖಾತೆಪುಸ್ತಕದಲ್ಲಿದ್ದರೆ ಹಣ ವಸೂಲಾದಂತೆಯೇ? ಚರ್ಚೆಯಲ್ಲಿ ತೊಡಗಿದವರ ಪೈಕಿ ತಾವಾಗಿ ಚಂದಾ ಆಯ್ದವರೆಷ್ಟು, ಸೂಚನೆ ಕಂಡು ಮರಳಿ ಉತ್ತರಿಸಿದವರೆಷ್ಟು, ರದ್ದುಪಡಿಸಿದವರೆಷ್ಟು ಎಂಬುದನ್ನು ಪರಿಶೀಲಿಸಿ, ಸೌಲಭ್ಯವಿಲ್ಲದ ಗುಂಪಿನೊಡನೆ ಹೋಲಿಸಬೇಕು.

ವಿತರಕರಿಗೆ ಮೊಬೈಲ್ ಸಂದೇಶದ ಮೂಲಕ ದರಪಟ್ಟಿ ಕಳುಹಿಸುವ ಸದಸ್ಯರು, ಸಂದೇಶಸೇವೆಯ ಬಿಲ್ಲು ಪಾವತಿಸುವ ಮುನ್ನ, ತಲುಪಿದ ಸಂದೇಶಗಳ ಪಕ್ಕದಲ್ಲಿ ಅವುಗಳಿಂದ ಬಂದ ಬೇಡಿಕೆಗಳನ್ನೂ ಬರೆದಿಟ್ಟು ನೋಡುವುದು ಲೇಸು.